ಮುಂಡರಗಿಯ ಔಷಧಿ ಅಂಗಡಿಯವರ ಗಿಟಾರ್

ನನ್ನ ಗಂಡ ಶಿರಹಟ್ಟಿಯಲ್ಲಿ ತೀರಿಕೊಂಡರು. ಒಂದು ಶಾಲೆಯ ಕಾರ್ಯಕ್ರಮಕ್ಕೆ ಮೈಕ್‌ಸೆಟ್ ಹಾಕಲು ಹೋಗಿದ್ದರು. ಸ್ಪೀಕರ್ ಇಳಿಸಿ, ವೈರ್ ಎಳೆದು, ಎಲ್ಲ ಜೋಡಿಸಿ ಮುಗಿಸಿ, ಚಹಾ ಕುಡಿಯಲು ಮೆಟ್ಟಿಲ ಮೇಲೆ ಕುಳಿತವರು ಹಾಗೇ ಗೋಡೆಗೆ ಒರಗಿದರಂತೆ. ನಿದ್ದೆ ಹತ್ತಿರಬೇಕೆಂದು ಜೊತೆಗಿದ್ದ ನನ್ನ ಮೈದುನ ಕಾರ್ಯಕ್ರಮ ಶುರುವಾಗುವವರೆಗೂ ಅವರನ್ನು ಎಬ್ಬಿಸಲಿಲ್ಲ. ಅವರಿಗೆ ನಲವತ್ತೇಳು ವರ್ಷ.

ಬೆಟಗೇರಿಯ ನಮ್ಮ ಓಣಿಯ ಜನವೆಲ್ಲ ಮನೆಗೆ ಬಂದರು. ನಾನು ಅಳುವುದನ್ನು ಕಾಯುತ್ತ ಕುಳಿತರು. ನಾನು ಅಳಲಿಲ್ಲ. ಗಟ್ಟಿ ಹೆಣ್ಣು ಎಂದರು ಕೆಲವರು. ಮನಸ್ಸು ಕಲ್ಲು ಎಂದರು ಇನ್ನು ಕೆಲವರು. ನಾನು ಎರಡೂ ಆಗಿರಲಿಲ್ಲ. ಬಹಳ ಹೊತ್ತು ಕಾಲು ಮಡಿಚಿ ಕುಳಿತರೆ ಜೋಮು ಹಿಡಿಯುತ್ತದಲ್ಲ, ಮುಟ್ಟಿದರೆ ಬೇರೆ ಯಾರದೋ ಕಾಲು ಅನ್ನಿಸುತ್ತದಲ್ಲ, ಹಾಗಾಗಿತ್ತು. ಆ ಹತ್ತು ದಿನಗಳಲ್ಲಿ ನಾನು ಮಾಡಿದ ಕೆಲಸವೆಂದರೆ ತುಂಡಾದ ವೈರುಗಳನ್ನೆಲ್ಲ ಹುಡುಕಿ ತೆಗೆದು ಬೆಸುಗೆ ಹಾಕಿದ್ದು. ಬೆಸುಗೆ ಹಾಕುವುದನ್ನು ಮದುವೆಯಾದ ಹೊಸದರಲ್ಲಿ ಅವರೇ ಕಲಿಸಿದ್ದರು.

ಹನ್ನೊಂದನೇ ದಿನ ಮೈದುನ ಬಂದು ಬಾಗಿಲ ಬಳಿ ನಿಂತ. ಟೆಂಪೋ ಓಡಿಸುವುದು, ಪೆಟ್ಟಿಗೆ ಎತ್ತುವುದು ಅವನ ಕೆಲಸ. ವರ್ಷಗಟ್ಟಲೆ ಸ್ಪೀಕರಿನ ಪಕ್ಕ ನಿಂತು ಅವನ ಬಲಗಿವಿ ಮಂದವಾಗಿದೆ.

"ವೈನಿ, ಮುಂದಿನ ವಾರದ ಕೆಲಸ ಅಣ್ಣ ಒಪ್ಪಿಕೊಂಡಾನ. ಮಿಕ್ಸರ್ ಮ್ಯಾಲೆ ನೀವ ಕುಂಡ್ರಬೇಕ್ರಿ. ನನ್ನ ಕಿವಿ ನಿಮಗ ಗೊತ್ತೈತಲ್ಲ" ಎಂದ.

"ಆತು" ಎಂದೆ. ಅಷ್ಟೇ ಮಾತು. ಒಳಗೆ ನೂಲು ಸುತ್ತುತ್ತ ಕುಳಿತಿದ್ದ ಅತ್ತೆ ರಾಟೆ ನಿಲ್ಲಿಸಿ ನನ್ನನ್ನು ನೋಡಿದರು. ಮತ್ತೆ ರಾಟೆ ತಿರುಗಿಸಿದರು.

ಹೀಗೆ ನಾನು, ಎಲ್ಲ ಮೈಕುಗಳ ಸದ್ದನ್ನು ಏರಿಸಿ ಇಳಿಸುವ ಮಿಕ್ಸರಿನ ಹಿಂದೆ ಕುಳಿತೆ. ಮೊದಮೊದಲು ಮದುವೆಗೆ ಬಂದ ಹೆಂಗಸರು ವೇದಿಕೆಯನ್ನು ಬಿಟ್ಟು ನನ್ನನ್ನೇ ನೋಡುತ್ತಿದ್ದರು. ಆಮೇಲೆ ರೂಢಿಯಾಯಿತು, ಅವರಿಗೂ ನನಗೂ. ಗುಂಡಿಗಳನ್ನು ತಿರುಗಿಸುವುದಕ್ಕೆ ದುಃಖ ಬೇಕಾಗುವುದಿಲ್ಲ, ಸಂತೋಷವೂ ಬೇಕಾಗುವುದಿಲ್ಲ. ಮೈಕ್ ಕಿರುಚಿದರೆ ಇಳಿಸಬೇಕು, ಮಾತು ಕೇಳದಿದ್ದರೆ ಏರಿಸಬೇಕು. ಆ ಕೆಲಸ ನನಗೆ ಸರಿಹೊಂದಿತು.

ನಾಲ್ಕು ತಿಂಗಳ ನಂತರ ಲಕ್ಷ್ಮೇಶ್ವರದಲ್ಲಿ ಒಂದು ಮದುವೆ. ಅಕ್ಷತೆಯ ಅಕ್ಕಿಕಾಳು ಬಿದ್ದು, ಮೊದಲ ಪಂಕ್ತಿ ಊಟಕ್ಕೆ ಕೂರುವ ಹೊತ್ತಿಗೆ ಆರ್ಕೆಸ್ಟ್ರಾ ಶುರುವಾಗಬೇಕಿತ್ತು. ಹಾಡುವವಳು ಹುಬ್ಬಳ್ಳಿಯಿಂದ ಬರುವ ದಾರಿಯಲ್ಲಿ ಬಸ್ಸು ಕೆಟ್ಟು ಸಿಕ್ಕಿಕೊಂಡಿದ್ದಳು. ಆರ್ಕೆಸ್ಟ್ರಾದ ಯಜಮಾನ ಕೀಬೋರ್ಡಿನ ಮುಂದೆ ಬೆವರು ಒರೆಸಿಕೊಳ್ಳುತ್ತ, "ಏನರ ಬಾರಿಸ್ರಿ, ಜನ ಸುಮ್ಮನ ಕುಂಡ್ರಬಾರದು" ಎಂದು ಗಿಟಾರಿನವರಿಗೆ ಹೇಳಿದ.

ಗಿಟಾರಿನವರಿಗೆ ಐವತ್ತೈದು ದಾಟಿರಬೇಕು. ಇಸ್ತ್ರಿ ಮಾಡಿದ ಬಿಳಿ ಅಂಗಿ, ಜೇಬಿನಲ್ಲಿ ಎರಡು ಪೆನ್ನು, ದಪ್ಪ ಗಾಜಿನ ಕನ್ನಡಕ. ಕೈಯಲ್ಲಿ ಗಿಟಾರ್ ಇಲ್ಲದಿದ್ದರೆ ಸಹಕಾರಿ ಸಂಘದ ಕಾರ್ಯದರ್ಶಿ ಅನ್ನಬಹುದಿತ್ತು. ಮುಂಡರಗಿಯಲ್ಲಿ ಔಷಧಿ ಅಂಗಡಿ ಇದೆ ಎಂದಷ್ಟೇ ನನಗೆ ಗೊತ್ತಿತ್ತು. ಕುರ್ಚಿಯ ತುದಿಗೆ ಕುಳಿತು ಎಲ್ಲರಿಗೂ ಗೊತ್ತಿರುವ ಒಂದು ಹಳೆಯ ಸಿನಿಮಾ ಹಾಡಿನ ಧಾಟಿ ಎತ್ತಿಕೊಂಡರು. ಡ್ರಮ್ಮಿನವನು ಮೆಲ್ಲಗೆ ತಾಳ ಹಿಡಿದ.

ಮಿಕ್ಸರಿನಲ್ಲಿ ಪ್ರತಿ ವಾದ್ಯದ ಸಾಲಿಗೂ ಸೋಲೋ ಎಂಬ ಸಣ್ಣ ಗುಂಡಿ ಇರುತ್ತದೆ. ಅದನ್ನು ಒತ್ತಿದರೆ ಜನರಿಗೆ ಎಲ್ಲವೂ ಕೇಳುತ್ತದೆ, ನನ್ನ ಹೆಡ್‌ಫೋನಿಗೆ ಮಾತ್ರ ಆ ಒಂದು ವಾದ್ಯ ಬರುತ್ತದೆ. ಗಿಟಾರಿನ ವೈರ್ ಕರಕರ ಅನ್ನುತ್ತಿತ್ತೆಂದು ಗುಂಡಿ ಒತ್ತಿದೆ. ಊಟದ ಗದ್ದಲ, ಪಾತ್ರೆಗಳ ಸಪ್ಪಳ ಎಲ್ಲ ದೂರವಾಯಿತು. ತಂತಿಯ ಮೇಲೆ ಬೆರಳು ಸರಿಯುವ ಸದ್ದು ಕೂಡ ಕೇಳುತ್ತಿತ್ತು.

ಮೊದಲ ಸುತ್ತು ಹಾಡು ಹಾಡಿನ ಹಾಗೇ ಇತ್ತು. ಎರಡನೇ ಸುತ್ತಿಗೆ ಸಾಲುಗಳ ಕೊನೆ ಬದಲಾಯಿತು. ಮೂರನೆಯದಕ್ಕೆ ಹಾಡು ಎಲ್ಲಿ ಹೋಯಿತೋ ತಿಳಿಯಲಿಲ್ಲ; ಹೋಗಿಲ್ಲ ಎಂದೂ ಅನ್ನಿಸುತ್ತಿತ್ತು. ಅವರು ಒಂದು ತುಣುಕು ಬಾರಿಸುವರು, ನಿಲ್ಲಿಸುವರು, ಅದನ್ನೇ ಸ್ವಲ್ಪ ತಿರುಚಿ ಉತ್ತರ ಕೊಡುವರು. ನಡುವೆ ಒಂದು ಕಡೆ ಬೆರಳು ಜಾರಿತು. ಹುಳಿಯಾದ ಒಂದು ಸ್ವರ ಬಂತು. ನನ್ನ ಕೈ ತಾನಾಗಿಯೇ ಗುಂಡಿಯ ಕಡೆ ಹೋಯಿತು, ಸದ್ದು ಇಳಿಸಲು. ಅಷ್ಟರಲ್ಲಿ ಅವರು ಅದೇ ಹುಳಿ ಸ್ವರವನ್ನು ಇನ್ನೊಮ್ಮೆ ಬಾರಿಸಿ, ಅಲ್ಲಿಂದ ಪಕ್ಕದ ಸ್ವರಕ್ಕೆ ಸರಿದರು. ಮತ್ತೆ ಬಾರಿಸಿದರು, ಮತ್ತೆ ಸರಿದರು. ಈಗ ಅದು ಬೇಕೆಂದೇ ಇಟ್ಟ ಮೆಟ್ಟಿಲಿನ ಹಾಗೆ ಕೇಳಿತು. ಇಪ್ಪತ್ತು ನಿಮಿಷ ಬಾರಿಸಿದರು. ಹಾಡುವವಳು ಬಂದಳು. ಯಾರೂ ಚಪ್ಪಾಳೆ ತಟ್ಟಲಿಲ್ಲ, ಎರಡನೇ ಪಂಕ್ತಿಗೆ ಜಾಗ ಹಿಡಿಯುವ ಅವಸರದಲ್ಲಿದ್ದರು.

ಎಲ್ಲ ಮುಗಿದು ವೈರ್ ಸುತ್ತುವಾಗ ನಾನು ಅವರ ಹತ್ತಿರ ಹೋದೆ. ನಾಲ್ಕು ತಿಂಗಳಲ್ಲಿ ನಾನಾಗಿಯೇ ಯಾರನ್ನಾದರೂ ಮಾತಾಡಿಸಿದ್ದು ಅದೇ ಮೊದಲು.

"ಅಣ್ಣಾರ, ನಡುವ ಒಂದ ಕಡೆ ತಪ್ಪಿತಲ್ರಿ?"

ಅವರು ಕನ್ನಡಕ ಮೇಲೆ ಸರಿಸಿ ನನ್ನನ್ನು ನೋಡಿದರು. "ನಿಮಗ ಕೇಳಿಸಿತೇನ್ರಿ?"

"ಹೆಡ್‌ಫೋನ್ ಹಾಕ್ಕೊಂಡಿದ್ದೆ. ಆಮ್ಯಾಲೆ ನೀವು ಹೊಳ್ಳಿ ಹೊಳ್ಳಿ ಅದನ್ನ ಬಾರಿಸಿದ್ರಿ. ಬೇಕಂತ ಮಾಡಿದ್ದೇನ್ರಿ ಅದು?"

"ಮೊದಲನೇದು ಖರೇನ ತಪ್ಪು. ಎರಡನೇದು ಬೇಕಂತ. ತಪ್ಪನ್ನ ಅಲ್ಲೇ ಬಿಟ್ಟು ಓಡಿದ್ರ ಅದು ತಪ್ಪಾಗೇ ಉಳೀತೈತ್ರಿ. ಹೊಳ್ಳಿ ಅದರ ಹಂತ್ಯಾಕ ಹೋಗಿ, ಕೈ ಹಿಡದು ಕರಕೊಂಡು ಬರಬೇಕು." ಗಿಟಾರನ್ನು ಚೀಲಕ್ಕೆ ಸೇರಿಸುತ್ತ ಹೇಳಿದರು: "ಇಪ್ಪತ್ತು ವರ್ಷದಿಂದ ಮದುವ್ಯಾಗ ಬಾರಿಸಾಕತ್ತೇನಿ ಅಕ್ಕಾರ. ಹಿಂಗ ಯಾರೂ ಕೇಳಿದ್ದಿಲ್ಲ."

ಅವರು ಬಾರಿಸಿದ್ದು ಜಾಝ್ ರೀತಿ ಎಂದು ಆಗ ಹೇಳಿದರು. ನಮ್ಮ ಕಡೆ ನಾಟಕ ಕಂಪನಿಯವರು ಡ್ರಮ್ ಸೆಟ್ಟಿಗೆ ಜಾಝ್ ಅನ್ನುತ್ತಾರೆ. ನಾನು ಹಾಗೇ ತಿಳಿದುಕೊಂಡು, "ಡ್ರಮ್ ಬ್ಯಾರೆಯವರು ಬಾರಿಸಿದ್ರಲ್ರಿ" ಎಂದೆ. ಅವರು ಬಾಯಿ ತುಂಬ ನಕ್ಕರು.

ಅವತ್ತು ಅವರ ಗಿಟಾರಿನ ವೈರನ್ನು ದುರಸ್ತಿಗೆಂದು ತಂದಿದ್ದೆ. ಅದನ್ನು ಕೊಡಲು ಮುಂದಿನ ವಾರ ಗದಗಿನಿಂದ ಬಸ್ಸು ಹತ್ತಿ ಮುಂಡರಗಿಗೆ ಹೋದೆ. ಮೈದುನನ ಕೈಯಲ್ಲಿ ಕಳಿಸಬಹುದಿತ್ತು. ಯಾಕೆ ನಾನೇ ಹೋದೆನೆಂದು ಈಗಲೂ ಸರಿಯಾಗಿ ಹೇಳಲಾರೆ. ಇದು ಹೇಗೆ ಆಗುತ್ತದೆ ಎಂದು ತಿಳಿದುಕೊಳ್ಳಬೇಕೆಂಬ ಒಂದು ಒಣ ಕುತೂಹಲ ಇತ್ತು, ಕೆಟ್ಟ ರೇಡಿಯೋ ಬಿಚ್ಚಿ ನೋಡುವಾಗ ಇರುತ್ತದಲ್ಲ, ಅಂಥದ್ದು.

ಮಧ್ಯಾಹ್ನ ಅಂಗಡಿ ಮುಚ್ಚಿರುತ್ತದೆ. ಹಿಂದೆಯೇ ಮನೆ. ಅವರ ಹೆಂಡತಿ ಬಾಗಿಲು ತೆಗೆದು, ನಾನು ಯಾರೆಂದು ಕೇಳಿ, "ಬಾ ತಂಗಿ, ಮೊದಲ ಉಣ್ಣು. ಇವರ ಮಾತು ಶುರು ಆದ್ರ ರೊಟ್ಟಿ ಒಣಗಿ ಹೋಗ್ತಾವ" ಎಂದರು. ಬದನೆಕಾಯಿ ಪಲ್ಯ, ಶೇಂಗಾ ಚಟ್ನಿ ಹಾಕಿದರು. ನಾನು ಉಂಡೆ.

ಗಿಟಾರ್ ತೊಡೆಯ ಮೇಲಿಟ್ಟುಕೊಂಡು ಅವರು ಕೇಳಿದರು: "ಏನ್ ತಿಳಕೋಬೇಕ್ರಿ ಅಕ್ಕಾರ?"

"ಅದು ಆ ಹೊತ್ತಿಗೆ ಹೆಂಗ ಹೊಳೀತೈತ್ರಿ?"

"ಆ ಹೊತ್ತಿಗೆ ಹೊಳೀತೈತಿ ಅನ್ನೂದು ಅರ್ಧ ಸುಳ್ಳು." ಮೂರು ಸ್ವರ ಒಟ್ಟಿಗೆ ಮೀಟಿದರು; ಅದಕ್ಕೆ ಕಾರ್ಡ್ ಅನ್ನುತ್ತಾರಂತೆ. "ನಿಮ್ಮ ಗದಗಿನಾಗ ಗವಾಯಿಗಳು ಆಲಾಪ ಮಾಡೂದು ಕೇಳೀರಲ್ಲ? ಅಲ್ಲಿ ತಂಬೂರಿ ಒಂದ ನೆಲ ಹಾಸಿರತೈತಿ. ಹಾಡೂವ್ರು ಅದರ ಮ್ಯಾಲೆ ಅಡ್ಡಾಡ್ತಾರ. ಇದರಾಗ ನೆಲಾನ ಸರಿದಾಡತೈತ್ರಿ. ನಾಕು ಎಣಸೂದ್ರಾಗ ಕಾರ್ಡ್ ಬದಲಾಗತೈತಿ. ಲಕ್ಷ್ಮೇಶ್ವರ ಬಸ್ಸಿನಾಗ ಏನೂ ಹಿಡಕೊಳ್ಳದ ನಿಂತಂಗ. ರಸ್ತೆ ಎಲ್ಲೆಲ್ಲಿ ತಿರುಗತೈತಿ ಅನ್ನೂದು ಕಾಲಿಗೆ ಮೊದಲ ಗೊತ್ತಿರಬೇಕು. ಗೊತ್ತಿದ್ರ ನಿಂತಲ್ಲೇ ಕುಣೀಬಹುದು, ಇಲ್ಲಂದ್ರ ಬೀಳ್ತೀರಿ."

ಅದಕ್ಕಾಗಿ ಅವರು ಒಂದು ಹಾಡು ಹಿಡಿದರೆ ಮೊದಲು ವಾರಗಟ್ಟಲೆ ಅದರ ಕಾರ್ಡುಗಳನ್ನಷ್ಟೇ ಬಾರಿಸುತ್ತಾರಂತೆ. ಫೋನಿನಲ್ಲಿ ತುಂಬಿಕೊಂಡು ಅಂಗಡಿಯಲ್ಲಿ ಕೇಳುತ್ತಾರಂತೆ, ಗುಳಿಗೆ ಕತ್ತರಿಸಿ ಕೊಡುತ್ತ. ಆಮೇಲೆ ಪ್ರತಿ ಕಾರ್ಡಿನಲ್ಲಿ ಅದರ ಮುಖ ಯಾವುದೆಂದು ಹುಡುಕುತ್ತಾರೆ.

"ಒಂದ ಕಾರ್ಡಿನಾಗ ನಾಕು ಸ್ವರ ಅನ್ಕೋರಿ. ಅದರಾಗ ಎರಡು ಸ್ವರ ಅದರ ಮುಖ ಇದ್ದಂಗ. ಅವೆರಡು ಕೇಳಿದ್ರ ಸಾಕು, ಯಾರು ಬಂದ್ರು ಅಂತ ಗೊತ್ತಾಗತೈತಿ. ಈಗ ಕೇಳ್ರಿ." ಎರಡೇ ಸ್ವರ ಬಾರಿಸಿ, ಅದರಲ್ಲಿ ಒಂದನ್ನು ಗಿಟಾರಿನ ಕತ್ತಿನ ಒಂದೇ ಒಂದು ಪಟ್ಟಿಯಷ್ಟು ಕೆಳಗೆ ಸರಿಸಿದರು. ಕೋಣೆಯ ಬೆಳಕು ಬದಲಾದ ಹಾಗೆ ಆಯಿತು. ಜೊತೆಗೆ ಬೇರೆ ವಾದ್ಯ ಇರಲಿಲ್ಲ, ತಾಳ ಇರಲಿಲ್ಲ. ಆದರೂ ನೆಲ ಸರಿದದ್ದು ಕೇಳಿತು. "ತಿರುವಿನಾಗ ಸರಿಯಾಗಿ ಈ ಸ್ವರದ ಮ್ಯಾಲೆ ಕಾಲಿಟ್ರ ಆತು. ನಡುವ ಹೆಂಗ ಬೇಕಾದ್ರೂ ಹೋಗ್ರಿ."

ಕಲಿಸಿದ್ದು ಯಾರೆಂದು ಕೇಳಿದೆ. ಹರೆಯದಲ್ಲಿ ಹುಬ್ಬಳ್ಳಿಯ ಔಷಧಿ ಮಳಿಗೆಯೊಂದರಲ್ಲಿ ಕೆಲಸ ಮಾಡುತ್ತಿದ್ದಾಗ ಪಕ್ಕದ ರೈಲ್ವೆ ಕ್ವಾರ್ಟರ್ಸಿನಲ್ಲಿ, ಹಿಂದೆ ಹೋಟೆಲ್ ಬ್ಯಾಂಡುಗಳಲ್ಲಿ ಬಾರಿಸಿದ್ದ ಒಬ್ಬ ಮುದುಕರಿದ್ದರಂತೆ. ಅವರು ಕೈ ಹಿಡಿದು ಕಲಿಸಿದ್ದು ಕಡಿಮೆ. ಜಾಝ್ ವಾದಕರ ಒಂದು ಚೀಲ ಕ್ಯಾಸೆಟ್ ಕೊಟ್ಟು, "ಇವರ ಮಾತು ಬಾಯಿಪಾಠ ಮಾಡು, ಆಮೇಲೆ ಮರೆತುಬಿಡು" ಅಂದರಂತೆ. ಇವರು ಒಂದೊಂದು ಸಾಲನ್ನು ನೂರು ಸಲ ಹಿಂದಕ್ಕೆ ತಿರುಗಿಸಿ ಕೇಳಿ ಬೆರಳಿಗೆ ತಂದುಕೊಂಡರು. ಕ್ಯಾಸೆಟ್ಟಿನ ಟೇಪು ಸವೆದು ಹರಿಯಿತು. ಸಾಲುಗಳು ಉಳಿದವು. "ಮರಿಯೂದಕ್ಕ ಹತ್ತು ವರ್ಷ ಹಿಡೀತ್ರಿ" ಎಂದರು. "ಈಗ ಯಾವುದು ಅವರದು, ಯಾವುದು ನಂದು, ನನಗ ಗೊತ್ತಾಗೂದಿಲ್ಲ."

ಬೆಳಗ್ಗೆ ಅಂಗಡಿ ತೆರೆಯುವ ಮುಂಚೆ ಅರ್ಧ ಗಂಟೆ ಮೂರೇ ಸ್ವರದಲ್ಲಿ ಬಾರಿಸುತ್ತಾರೆ. ನಾಲ್ಕನೆಯದನ್ನು ಮುಟ್ಟುವಂತಿಲ್ಲ. ಮೂರರಲ್ಲಿ ಮಾತಾಡಲು ಬಾರದವನಿಗೆ ಹನ್ನೆರಡು ಕೊಟ್ಟರೂ ಬರುವುದಿಲ್ಲ ಎಂಬುದು ಅವರ ಲೆಕ್ಕ. ಬಾರಿಸುವ ಮುಂಚೆ ತುಟಿಯೊಳಗೆ ಗುನುಗುತ್ತಾರೆ. ಗುನುಗಲು ಬಂದದ್ದನ್ನಷ್ಟೇ ಬಾರಿಸುತ್ತಾರೆ. ಉಸಿರು ತೀರಿದಲ್ಲಿ ಬೆರಳೂ ನಿಲ್ಲಬೇಕು. ಬೆರಳಿಗೆ ಉಸಿರು ಬೇಕಿಲ್ಲವಾದ್ದರಿಂದ ಅದು ಸುಮ್ಮನೆ ಓಡುತ್ತಲೇ ಇರುತ್ತದಂತೆ, ಕೇಳುವವರಿಗೆ ಸುಸ್ತಾಗುತ್ತದಂತೆ.

"ಒಂದ ಹಾಡು ಹತ್ತು ಸಲ ಬಾರಿಸಿದ್ರ ಒಮ್ಮೆರ ಮೊದಲಿನಂಗ ಇರೂದಿಲ್ಲ ತಂಗಿ" ಎಂದರು ಅವರ ಹೆಂಡತಿ, ತಾಟು ಎತ್ತುತ್ತ. "ಪಲ್ಯ ಮಾತ್ರ ದಿನಾ ಒಂದ ರುಚಿ ಇರಬೇಕು ಇವರಿಗೆ."

ನಾನು ನಕ್ಕೆನೋ ಏನೋ. ಅವರಿಬ್ಬರೂ ನನ್ನ ಮುಖ ನೋಡಿದ್ದು ನೆನಪಿದೆ.

ಆಮೇಲೆ ಏಳೆಂಟು ತಿಂಗಳು, ಆ ಆರ್ಕೆಸ್ಟ್ರಾ ಇದ್ದಲ್ಲೆಲ್ಲ ನಾನು ಸೋಲೋ ಗುಂಡಿ ಒತ್ತಿ ಕುಳಿತೆ. ಅವರಿಗೆ ಸಿಗುತ್ತಿದ್ದದ್ದು ಎರಡು ಚರಣಗಳ ನಡುವಿನ ಅರ್ಧ ನಿಮಿಷ. ಆ ಅರ್ಧ ನಿಮಿಷವನ್ನು ಒಂದು ಸಲವೂ ಹಾಗೇ ದಾಟಿಸಲಿಲ್ಲ. ತಿರುವು ಬರುವುದು ನನಗೂ ಈಗ ಮುಂಚೆಯೇ ತಿಳಿಯುತ್ತಿತ್ತು. ಮುಖದ ಸ್ವರದ ಮೇಲೆ ಕಾಲಿಟ್ಟರೇ, ತಡಮಾಡಿ ಇಟ್ಟರೇ, ಬೇಕೆಂದೇ ಇಡದೆ ಹೋದರೇ ಎಂದು ಗಮನಿಸುತ್ತಿದ್ದೆ. ಅವರು ಎಷ್ಟು ದೊಡ್ಡ ಕೆಲಸಗಾರರೆಂದು ತಿಳಿಯುತ್ತ ಹೋದಂತೆ ಗೌರವ ಬೆಳೆಯಿತು. ಆದರೆ ಸಂಗೀತ ಕೇಳಿ ಎದೆ ತುಂಬಿತು ಎಂದು ಬರೆದರೆ ಸುಳ್ಳಾಗುತ್ತದೆ. ಎದೆಯಲ್ಲಿ ಏನೂ ಆಗುತ್ತಿರಲಿಲ್ಲ. ಕಿವಿ ಮಾತ್ರ ಎಚ್ಚರವಾಗಿತ್ತು.

ಮಳೆಗಾಲ ಮುಗಿದ ಮೇಲೆ ಕಳಸಾಪುರದಲ್ಲಿ ಒಂದು ಕಾರ್ಯಕ್ರಮ. ಗಿಟಾರಿನವರ ಕುರ್ಚಿ ಇರಲಿಲ್ಲ. ಡ್ರಮ್ಮಿನವನೂ ಇರಲಿಲ್ಲ. ಯಜಮಾನ ನನ್ನ ಕೈಗೆ ಒಂದು ಪೆನ್‌ಡ್ರೈವ್ ಕೊಟ್ಟ.

"ಇನ್ನ ಮ್ಯಾಲೆ ಟ್ರ್ಯಾಕ್ ಹಚ್ಚೂದ್ರಿ ಅಕ್ಕಾರ. ಎಲ್ಲಾ ವಾದ್ಯ ಇದರಾಗ ಅದಾವು. ಹಾಡೂವ್ರು ಹಾಡಿದ್ರ ಆತು."

"ಗಿಟಾರಿನ ಅಣ್ಣಾರಿಗೆ ಹೇಳೀರೇನ್ರಿ?"

"ಹೇಳೇನಿ."

ನಾನು ಪೆನ್‌ಡ್ರೈವ್ ಸಿಕ್ಕಿಸಿದೆ. ಯಜಮಾನ ಸನ್ನೆ ಮಾಡಿದಾಗ ಹಾಡು ಬಿಟ್ಟೆ. ನಡುವೆ ಗಿಟಾರಿನ ಜಾಗ ಬಂತು. ಯಾವುದೋ ಊರಿನಲ್ಲಿ ಯಾರೋ ಒಮ್ಮೆ ಬಾರಿಸಿಟ್ಟದ್ದು, ಒಂದೂ ತಪ್ಪಿಲ್ಲದ್ದು. ಅವತ್ತು ಒಂಬತ್ತು ಹಾಡುಗಳನ್ನು ನಾನೇ ಬಿಟ್ಟೆ. ಆಗ ಏನೂ ಅನ್ನಿಸಲಿಲ್ಲ. ಮನೆಗೆ ಬಂದು ಕೈ ತೊಳೆಯುವಾಗ ಮಾತ್ರ ಬೆರಳುಗಳನ್ನು ಬೇಕಾದ್ದಕ್ಕಿಂತ ಹೆಚ್ಚು ಹೊತ್ತು ತಿಕ್ಕುತ್ತಿದ್ದೇನೆಂದು ತಿಳಿಯಿತು.

ಎರಡು ದಿನ ಬಿಟ್ಟು ಮುಂಡರಗಿಗೆ ಹೋದೆ. ಅವರು ಅಂಗಡಿಯಲ್ಲಿ ಯಾರಿಗೋ ಕೆಮ್ಮಿನ ಔಷಧಿ ಅಳೆಯುವ ಮುಚ್ಚಳ ತೋರಿಸುತ್ತಿದ್ದರು. ಅವನು ಹೋದ ಮೇಲೆ ಹೇಳಿದೆ, "ಅಣ್ಣಾರ, ಆ ಟ್ರ್ಯಾಕ್ ಹಚ್ಚಿದಾಕಿ ನಾನ."

"ನೀವು ಹಚ್ಚದಿದ್ರ ಇನ್ನೊಬ್ರು ಹಚ್ತಿದ್ರು."

"ಸಿಟ್ಟಿಲ್ಲೇನ್ರಿ?"

"ಐತ್ರಿ." ಗಾಜಿನ ಕಪಾಟಿನ ಮೇಲೆ ಬೆರಳಿನಿಂದ ತಾಳ ಹಾಕಿದರು. "ಮುಂಜಾನಿ ಅರ್ಧ ತಾಸು ಇತ್ತಲ್ಲ, ಅದು ಈಗ ಒಂದ ತಾಸು ಆಗೈತಿ. ಕೇಳಾಕ ಯಾರೂ ಇಲ್ಲ ಅಷ್ಟ."

ನನ್ನ ಗಂಡನ ವರ್ಷದ ಕಾರ್ಯಕ್ಕೆ ಅವರನ್ನೂ ಅವರ ಹೆಂಡತಿಯನ್ನೂ ಅಲ್ಲೇ ಕರೆದು ಬಂದೆ.

ಕಾರ್ಯದ ದಿನ ಓಣಿಯವರು ಬೆಳಗ್ಗೆಯೇ ಬಂದು ಭಜನೆ ಮಾಡಿ, ಉಂಡು ಹೋದರು. ಇವರು ಬಂದದ್ದು ಮಧ್ಯಾಹ್ನ, ಬಸ್ಸು ತಡವಾಗಿ. ಗಿಟಾರ್ ಹೆಗಲಲ್ಲೇ ಇತ್ತು. ಊಟವಾದ ಮೇಲೆ ಅತ್ತೆ ಅದನ್ನು ನೋಡಿ ಕೇಳಿದರು, "ನೀವು ಭಾಳ ಚಲೋ ಬಾರಿಸ್ತೀರಂತ ನನ್ನ ಸೊಸಿ ಹೇಳ್ತಾಳ. ಆಕಿ ಯಾವುದಕ್ಕೂ ಚಲೋ ಅನ್ನಾಕಿ ಅಲ್ಲ. ಒಂದೀಟು ಬಾರಿಸ್ರಿ."

"ನಿಮ್ಮ ಮಗಾ ಯಾವ ಹಾಡು ಅಂತಿದ್ರು, ಯವ್ವಾ?" ಎಂದು ಇವರು ಕೇಳಿದರು.

"ಅವಗ ಹಾಡ ಎಲ್ಲಿ ಬರ್ತಿತ್ತು. ಸಣ್ಣಾವ ಇದ್ದಾಗ ಮಗ್ಗದ ಹಂತ್ಯಾಕ ಕುಂತು ಏನೋ ಒಂದ ಗುಣುಗುಣು ಅಂತಿದ್ದ." ಅತ್ತೆ ಸೊಂಟದ ಮೇಲೆ ಕೈಯಿಟ್ಟುಕೊಂಡು, ನೆಲ ನೋಡುತ್ತ, ಅದನ್ನು ಗುನುಗಿದರು. ಐದೇ ಸ್ವರ. ಮೇಲೆ ಹೋಗಿ, ತಡೆದು, ಅರ್ಧಕ್ಕೆ ಇಳಿಯುವಂಥದ್ದು.

ಅದು ನನಗೆ ಗೊತ್ತಿತ್ತು. ಬೆಸುಗೆ ಹಾಕುವಾಗ ನನ್ನ ಗಂಡ, ಬಾಯಲ್ಲಿ ವೈರ್ ಕಚ್ಚಿಕೊಂಡು, ಮೂಗಿನಲ್ಲಿ ಅನ್ನುತ್ತಿದ್ದರು. ಇಪ್ಪತ್ತು ವರ್ಷ ಕೇಳಿದ್ದೆ. ಅದೊಂದು ರಾಗವೆಂದು ಯಾವತ್ತೂ ಅಂದುಕೊಂಡಿರಲಿಲ್ಲ. ಒಂದು ವರ್ಷದಿಂದ ಅದಿಲ್ಲ ಎಂಬುದನ್ನೂ ಗಮನಿಸಿರಲಿಲ್ಲ.

ಗಿಟಾರಿನವರು ಆ ಸ್ವರಗಳನ್ನು ಒಂದೆರಡು ಸಲ ಹುಡುಕಿ ಹಿಡಿದರು. ಸ್ಪೀಕರ್ ಇರಲಿಲ್ಲ, ಬರೀ ತಂತಿಯ ಸಣ್ಣ ಸದ್ದು. ಮೊದಲು ಇದ್ದ ಹಾಗೇ ಬಾರಿಸಿದರು. ಆಮೇಲೆ ಅದರ ಕೆಳಗೆ ನೆಲ ಹಾಸಿದರು, ನೆಲವನ್ನು ಸರಿಸಿದರು. ಅದೇ ಐದು ಸ್ವರ ಒಂದು ಕಾರ್ಡಿನ ಮೇಲೆ ತಮಾಷೆಯಾಗಿ ಕೇಳಿತು, ಇನ್ನೊಂದರ ಮೇಲೆ ಯಾರೋ ದಣಿದು ಕೂತ ಹಾಗೆ. ತುದಿಯನ್ನು ಮುರಿದು ಆ ತುಣುಕಿನಿಂದ ಹೊಸ ಸಾಲು ಕಟ್ಟಿದರು. ಮೇಲಕ್ಕೆ ಹತ್ತಿ ಹೋಗಿ ಅಲ್ಲಿ ನಿಂತರು. ಇನ್ನು ದೊಡ್ಡದಾಗುತ್ತದೆ, ಈಗ ಓಡುತ್ತಾರೆ ಎಂದು ನನಗೆ ಗೊತ್ತಿತ್ತು. ಅಷ್ಟು ಕೇಳಿದ್ದೇನೆ ಅವರನ್ನು. ಓಡಲಿಲ್ಲ. ಒಮ್ಮೆಲೇ ಎಲ್ಲ ಬಿಟ್ಟು ಬರೀ ಕಾರ್ಡುಗಳನ್ನು ಮೆಲ್ಲಗೆ ಬಾರಿಸತೊಡಗಿದರು. ಆಗ ನನಗೆ ಅತ್ತೆಯ ದನಿ ಕೇಳಿತು. ಯಾವಾಗಿನಿಂದಲೋ ಅವರು ಕಂಬಕ್ಕೆ ಒರಗಿ ಗುನುಗುತ್ತಿದ್ದರು. ಸ್ವರ ಅಲ್ಲಲ್ಲಿ ಒಡೆಯುತ್ತಿತ್ತು. ಒಡೆದಲ್ಲೆಲ್ಲ ಗಿಟಾರ್ ಕಾಯುತ್ತಿತ್ತು.

ಅತ್ತೆ ಅತ್ತರು. ಗಿಟಾರಿನವರ ಹೆಂಡತಿ ಅವರ ಬೆನ್ನ ಮೇಲೆ ಕೈಯಿಟ್ಟು ಕುಳಿತರು. ಮೈದುನ ಎದ್ದು ಹೊರಗೆ ಹೋದ. ನಾನು ಅಳಲಿಲ್ಲ. ನನ್ನ ಬಲಗೈ ಮೊಣಕಾಲ ಮೇಲೆ ಇಲ್ಲದ ಗುಂಡಿಯೊಂದನ್ನು ಹಿಡಿದು ಮೆಲ್ಲಗೆ ತಿರುಗಿಸುತ್ತಿತ್ತು, ಅತ್ತೆಯ ದನಿಯನ್ನು ಏರಿಸಲು.

ಅತ್ತೆಗೆ ನೀರು ತಂದು ಕೊಟ್ಟ ಮೇಲೆ ಗಿಟಾರಿನವರನ್ನು ಕೇಳಿದೆ, "ಮ್ಯಾಲೆ ಹೋಗಿ ಅಲ್ಲಿ ಯಾಕ ಬಿಟ್ರಿ?"

"ಅವ್ವಾರ ದನಿ ಬಂತಲ್ರಿ. ಅದರ ಮ್ಯಾಲೆ ನಾ ಬಾರಿಸಿದ್ರ ಅವರು ನಿಲ್ಲಿಸಿಬಿಡ್ತಿದ್ರು."

"ಇನ್ನೊಮ್ಮೆ ಬಾರಿಸ್ರಿ. ಫೋನಿನಾಗ ತುಂಬಿಕೋತೇನಿ."

ಅವರು ಒಪ್ಪಿ ಗಿಟಾರ್ ಎತ್ತಿಕೊಂಡರು. ಫೋನ್ ಹಿಡಿದೆ. ಆ ಐದು ಸ್ವರ ಬಂದವು, ಮುಂದಿನದು ಬರಲಿಲ್ಲ. ಬೇರೆ ಏನೋ ಬಂತು. ಅದೂ ಚೆನ್ನಾಗಿಯೇ ಇತ್ತು, ಆದರೆ ಅದಲ್ಲ. ಎರಡು ಸಲ ಪ್ರಯತ್ನಿಸಿ ತಲೆಯಾಡಿಸಿದರು. "ಹೋತ್ರಿ ಅಕ್ಕಾರ, ಅದು. ಸಿಗೂದಿಲ್ಲ."

"ಆತು ಬಿಡ್ರಿ" ಎಂದೆ.

ಐದು ಗಂಟೆಯ ಬಸ್ಸಿಗೆ ಅವರನ್ನು ಹತ್ತಿಸಿ ಮನೆಗೆ ನಡೆದು ಬಂದೆ. ಅಡುಗೆಮನೆಯಲ್ಲಿ ಒಂದು ಹೋಳಿಗೆ ಉಳಿದಿತ್ತು. ನಿಂತುಕೊಂಡೇ ತಿಂದೆ. ಮುಂಜಾನೆ ಹೂರಣದ ರುಚಿ ನೋಡಿದವಳು ನಾನೇ, ಆಗ ಏನೂ ತಿಳಿದಿರಲಿಲ್ಲ. ಈಗ ಬೆಲ್ಲ ಸ್ವಲ್ಪ ಹೆಚ್ಚೆನಿಸಿತು. ಅತ್ತೆಗೆ ಹಾಗಂದೆ.

"ಮುಂಜಾನಿ ಹೇಳಬಾರದಿತ್ತೇನ?" ಎಂದರು ಅವರು.